ಮಾಗಿಯ ಗಾಳಿ, ಮಾತಿನ ಗಾಳಿ

ಕಾವೇರಿ-ಕಪಿಲೆಯರು ಕೂಡುವ, 1989ರಿಂದ ಕುಂಭಮೇಳ ನಡೆಯುತ್ತ ಬಂದಿರುವ ತಿರುಮಕೂಡಲು ನರಸೀಪುರದಲ್ಲಿ ಮಾಗಿಯ ಈಶಾನ್ಯಗಾಳಿ ಬೀಸಿದೊಡನೆ ಹಿರಿಯರ ಮಾತಿಗೂ ರೆಕ್ಕೆ ಮೂಡುತ್ತದೆ. “ಮಿಂದು ಎದ್ದೆ ಸ್ವಾಮಿ, ಗಾಳಿ ನೂಕಿದ ರಭಸಕ್ಕೆ ಓಡಿದವನಿಗೆ ನಂಜನಗೂಡಿನ ಶ್ರೀಕಂಠೇಶ್ವರನ ಗೋಪುರ ಅಡ್ಡ ಸಿಕ್ಕಿತು. ಇಲ್ಲದಿದ್ದರೆ ಗುಂಡ್ಲುಪೇಟೆಯೇ ಗತಿ!” ಎಂದರು ಒಬ್ಬ ವೃದ್ಧರು. ಇನ್ನೊಬ್ಬರ ಹಣೆಯ ವಿಭೂತಿ ಅವರಿಗಿಂತ ಮೊದಲೇ ಊರು ಸೇರಿತ್ತಂತೆ! ನಾವೂ ಮನಸಾರೆ ನಕ್ಕೆವು. ನಗುವಾಗಲೇ ಕಂಡಿತು: ಎಲ್ಲರಿಗಿಂತ ದೊಡ್ಡ ಉತ್ಪ್ರೇಕ್ಷೆ ನುಡಿದವರ ಹೆಗಲ ಮೇಲಿದ್ದುದು ಒದ್ದೆ ಟವಲೊಂದೇ. ಕಂಬಳಿ ಬೇಡಲೊಲ್ಲದ ಅಭಿಮಾನವು ಹಾಸ್ಯವನ್ನೇ ಹೊದ್ದುಕೊಳ್ಳುತ್ತದೆ. ಅಂಥವರ ಮಾತಿಗೆ ನಗೋಣ. ನಗುತ್ತಲೇ, ಅವರು ಕೇಳುವ ಮೊದಲೇ ಕಂಬಳಿಯೊಂದನ್ನು ಹೊದಿಸೋಣ. ಬೇಡಿಸಿಕೊಳ್ಳದೆ ಕೊಡುವುದೇ ದಾಸೋಹವಲ್ಲವೆ?