ಬನಹಟ್ಟಿಯ ಪೆನ್ನು, ಚನ್ನಪಟ್ಟಣದ ಹೊಳಪು

ನಮ್ಮ ರಬಕವಿ-ಬನಹಟ್ಟಿಯೊಳಗ ಹೊಳಪು ಅಂದ್ರ ಸೀರೆ. ಮಗ್ಗ ಬಿಟ್ಟ ನನ್ನ ತಮ್ಮ ಮಾತ್ರ ಬೇವಿನ ಕಟ್ಟಿಗೆಯ ಪೆನ್ನು ಮಾಡಲು ಹೊರಟ. ಹೊಳಪಿಗೆ ಸೂಪರ್ ಗ್ಲೂ ಹಚ್ಚಿದ. ಅವಸರದಲ್ಲಿ ದಪ್ಪಗೆ ಬಳಿದದ್ದು ಬೆಳ್ಳಗೆ ಮಸುಕಾಗಿ, ಮೊದಲ 12 ಪೆನ್ನುಗಳು ಅಂಗಡಿಯಿಂದ ವಾಪಸ್ ಬಂದವು. "ಮಗ್ಗಾನ ಚಲೋ ಇತ್ತು ಅಕ್ಕಾ" ಅಂದ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಅದಕ್ಕಾಗಿಯೇ ಚನ್ನಪಟ್ಟಣದಲ್ಲಿ ಇಳಿದೆ. ಅಲ್ಲಿ ಅಂಟೇ ಇಲ್ಲ! ಗರಗರ ತಿರುಗುವ ಹಾಲೆ ಮರದ ಪೆನ್ನಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಹಿಡಿಯಿತು. ಮೇಲೆ ತಾಳೆಗರಿ ಒತ್ತಿದ್ದೇ ತಡ, ಕನ್ನಡಿಯಂತೆ ಮಿಂಚಿತು. "ಮೊದಲು ಮರ ಚೆನ್ನಾಗಿ ಒಣಗಿ ನುಣುಪಾಗ್ಬೇಕು ಮೇಡಂ, ಹೊಳಪು ಆಮೇಲೆ" ಎಂದರು ಕೆಲಸದವರು.

ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದೆ. ಈಗ ಆತ ಕಟ್ಟಿಗೆ ಒಣಗಿಸಿ, ಅಂಟನ್ನು ತೆಳ್ಳಗೆ ಬಳಿದು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚುತ್ತಾನೆ. ಕೊನೆಗೆ ನೀರು ಮುಟ್ಟಿಸಿ ನಯವಾದ ಪಾಲಿಶ್ ಪೇಪರ್ ತಿಕ್ಕುತ್ತಾನೆ. ನೂಲಿಗೆ ಗಂಜಿ ಹಚ್ಚಿದ ಕೈಗೆ ತಾಳ್ಮೆ ಹೊಸದಲ್ಲ, ಮರೆತಿತ್ತು ಅಷ್ಟೇ.

ಈ ಬರಹದ ಕರಡು ಮೂಡಿದ್ದು ಅವನ ಪೆನ್ನಿನಿಂದಲೇ.