ಗುಡ್ಡದ ಕಡೆ ಮುಖ ಮಾಡಿದ ಗಾಡಿ

ಸುರಪುರದಲ್ಲಿ ಸಮನಾದ ನೆಲ ಸಿಗುವುದು ದುರ್ಲಭ. ಸುತ್ತಲೂ ಗುಡ್ಡಗಳು, ನಡುವೆ ಏರುತ್ತ ಇಳಿಯುತ್ತ ಸಾಗುವ ಓಣಿಗಳು. 1840ರ ದಶಕದಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರ್ ಸಾಹೇಬನೂ ತನ್ನ ಬಂಗಲೆಗೆ ಗುಡ್ಡದ ಎತ್ತರವನ್ನೇ ಆರಿಸಿಕೊಂಡ. ಆತನ ಕಾಲದ ಕುದುರೆಯನ್ನು ಯಾವ ಕಡೆಗೆ ಮುಖ ಮಾಡಿ ಕಟ್ಟಿದರೂ ಬೆಳಗಾದರೆ ಓಡುತ್ತಿತ್ತು. ಹಳೆಯ ಡೀಸೆಲ್ ಗಾಡಿಯ ಸ್ವಭಾವ ಬೇರೆಯೆಂಬುದು ಈ ಊರಿನ ಚಾಲಕನೊಬ್ಬನಿಗೆ ಹದಿನೆಂಟು ವರ್ಷಗಳ ತರುವಾಯ ತಿಳಿಯಿತು.

ಆತನದು ಪಿಕಪ್ ಗಾಡಿ. ಸುಗ್ಗಿಯಲ್ಲಿ ಹತ್ತಿಯನ್ನು ಹೊತ್ತು ಶಹಾಪುರಕ್ಕೆ, ಮದುವೆಯ ದಿನಗಳಲ್ಲಿ ಪಾತ್ರೆ ಪಡಗ ಹೊತ್ತು ಹಳ್ಳಿಗಳಿಗೆ, ಉಳಿದ ಕಾಲದಲ್ಲಿ ಸಿಕ್ಕಿದ್ದನ್ನು ಹೊತ್ತು ಯಾದಗಿರಿಗೆ ಅದು ಓಡಾಡಿತ್ತು. ಮನೆ ನಡೆದದ್ದು ಅದರ ಬೆನ್ನ ಮೇಲೆ. ಮಗಳು ಪದವಿ ಮುಗಿಸಿ, ಯಾದಗಿರಿಯಲ್ಲಿ ಮುಂದಿನ ಓದಿಗೆ ಆಯ್ಕೆಯಾಗಿದ್ದಳು. ಶುಲ್ಕದ ಹಣ ಟ್ರಂಕಿನಲ್ಲಿತ್ತು. ಅದನ್ನು ಕಟ್ಟಲು ಅಂದೇ ಕೊನೆಯ ದಿನ. ತಂದೆಯ ಗಾಡಿಯಲ್ಲಿಯೇ ಹೋಗಬೇಕೆಂಬುದು ಮಗಳ ಹಟ.

ಒಂದು ವಾರದಿಂದ ಗಾಡಿಯ ನಡತೆ ಕೆಟ್ಟಿತ್ತು. ಬೆಳಗಿನ ಮೊದಲ ಚಾಲನೆಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಒಮ್ಮೆ ಚಾಲೂ ಆಯಿತೆಂದರೆ ಸಂಜೆಯವರೆಗೆ ತಕರಾರಿಲ್ಲ. ಅಂದು ಮಾತ್ರ ಎಂಜಿನ್ ಗರಗರನೆ ತಿರುಗಿತೇ ಹೊರತು ಉಸಿರಾಡಲಿಲ್ಲ. ಊರಿನ ಒಂದು ಗ್ಯಾರೇಜಿನಿಂದ ತರುಣ ಮೆಕ್ಯಾನಿಕ್ ಬಂದ. ಎಂಜಿನ್ನಿನ ನೆತ್ತಿಗೆ ಹೋಗುವ ಉಕ್ಕಿನ ಕೊಳವೆಯ ನಟ್ಟನ್ನು ಸಡಿಲಿಸಿ, ಎಂಜಿನ್ ತಿರುಗಿಸಿ ನೋಡಿದ. ಡೀಸೆಲಿನ ಹನಿಯೂ ಬರಲಿಲ್ಲ. ಪಂಪು ಹೋಗಿದೆ, ಕಳಚಿ ಕಲಬುರಗಿಗೆ ಒಯ್ಯಬೇಕು ಎಂದು ತೀರ್ಪಿತ್ತ. ಅವನು ಹೇಳಿದ ಮೊತ್ತ ಮಗಳ ಶುಲ್ಕಕ್ಕಿಂತ ತುಸು ಹೆಚ್ಚೇ ಇತ್ತು.

ತರುಣನ ಮಾತಿನಲ್ಲಿ ಮೋಸವಿರಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಕೊಂತವು ಗಾಳಿಯನ್ನು ಅದುಮಿದಾಗ ಆ ಗಾಳಿಯೇ ಕೆಂಡದಂತೆ ಕಾಯುತ್ತದೆ. ಅದರೊಳಕ್ಕೆ ಪಂಪು ಮಹಾ ಒತ್ತಡದಿಂದ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎಣ್ಣೆ ಬಾರದಿದ್ದರೆ ಪಂಪನ್ನು ಶಂಕಿಸುವುದು ಸಹಜವೇ. ಆದರೆ ಪಂಪಿನ ಬಾಯಿಗೆ ಎಣ್ಣೆ ತಲುಪಿತ್ತೇ ಎಂದು ಅವನು ನೋಡಿರಲಿಲ್ಲ.

ಹೆಂಡತಿ ಟ್ರಂಕಿನ ಬೀಗದ ಕೈಯನ್ನು ಗಂಡನ ಮುಂದಿಟ್ಟು ಒಳಗೆ ಹೋದಳು. ಮಗಳು, “ಮುಂದಿನ ವರ್ಷ ಓದ್ತೀನಿ ಬಿಡಪ್ಪ, ಗಾಡಿ ಇದ್ರ ಮನಿ,” ಎಂದಳು. ಆತ ಕೀಲಿಯನ್ನು ಮುಟ್ಟಲಿಲ್ಲ. ಶಹಾಪುರದ ಮುದುಕ ಮಿಸ್ತ್ರಿಗೆ ಫೋನು ಮಾಡಿದ.

ಮಿಸ್ತ್ರಿ ಬಸ್ಸಿನಲ್ಲಿ ಬಂದಿಳಿದಾಗ ಹನ್ನೊಂದು ಗಂಟೆ. ಕೈಚೀಲದಲ್ಲಿ ನಾಲ್ಕು ಪಾನಾ, ಒಂದು ಸುರುಳಿ ರಬ್ಬರ್ ಕೊಳವೆ. ಬಂದವನು ಎಂಜಿನ್ನಿನ ಮುಚ್ಚಳವನ್ನು ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ.

“ತಿರುಗಿಸಿದಾಗ ಹೊಗಿ ಬರ್ತದೇನು, ತಮ್ಮಾ?”

“ಒಂದ್ ಎಳಿನೂ ಇಲ್ಲ ಚಾಚಾ.”

ಬಿಳಿಯ ಹೊಗೆಯಾದರೂ ಬಂದಿದ್ದರೆ ಎಣ್ಣೆ ಒಳಗೆ ಹೋಗಿಯೂ ಹೊತ್ತಿಕೊಳ್ಳಲಿಲ್ಲವೆಂದು ಅರ್ಥ. ಹೊಗೆಯೇ ಇಲ್ಲವೆಂದರೆ ಎಣ್ಣೆಯೇ ಇಲ್ಲ. ಮಿಸ್ತ್ರಿ ತಲೆದೂಗಿ ಇನ್ನೊಂದು ಪ್ರಶ್ನೆ ಹಾಕಿದ.

“ಗಾಡಿ ದಿನಾ ಯಾ ಕಡಿ ಮಾರಿ ಮಾಡಿ ನಿಂದರಸ್ತಿ?”

“ಇಳಿಜಾರಿನ ಕಡಿರೀ. ಒಂದ್ ವಾರ ಆತು, ಬಾಜೂ ಮನಿಯವರು ಉಸುಕು ಹಾಕ್ಯಾರ. ತಿರುಗಿಸ್ಲಾಕ ಜಾಗ ಇಲ್ಲ. ಅದಕ್ಕ ಗುಡ್ಡದ ಕಡಿ ಮಾರಿ ಮಾಡಿ ನಿಲ್ಲಸ್ಲಾಕತ್ತೀನಿ.”

ಮುದುಕ ಬಟ್ಟಲನ್ನು ಕೆಳಗಿಟ್ಟು ಎದ್ದ.

ಎಂಜಿನ್ ನಿಲ್ಲಿಸುವ ತಂತಿ ಪಂಪಿನ ಸನ್ನೆಯನ್ನು ಹಿಡಿದುಕೊಂಡಿದೆಯೇ ಎಂದು ಮೊದಲು ನೋಡಿದ, ಇಲ್ಲ. ಟಾಂಕಿಯಲ್ಲಿ ಕಡ್ಡಿ ಇಳಿಸಿ ನೋಡಿದ, ಎಣ್ಣೆ ಅರ್ಧದಷ್ಟಿತ್ತು. ಆಮೇಲೆ ಟಾಂಕಿಯಿಂದ ಬರುವ ಕೊಳವೆಯನ್ನು ಎಂಜಿನ್ನಿನ ಬಳಿ ಕಳಚಿ, ಆ ಜಾಗಕ್ಕೆ ತನ್ನ ಚೀಲದ ಹೊಸ ಕೊಳವೆಯನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಶುದ್ಧ ಡೀಸೆಲ್ ತುಂಬಿದ ಡಬ್ಬಿಯಲ್ಲಿ ಮುಳುಗಿಸಿದ. ಫಿಲ್ಟರಿನ ನೆತ್ತಿಯ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತತೊಡಗಿದ. ಮೊದಲು ಬುಸ್ಸೆಂದು ಗಾಳಿ. ಆಮೇಲೆ ಸೋಪಿನಂಥ ನೊರೆ. ಕೊನೆಗೆ ಗುಳ್ಳೆಯಿಲ್ಲದ ತಿಳಿ ಎಣ್ಣೆ. ತಿರುಪನ್ನು ಬಿಗಿದು, “ಹಚ್ಚು,” ಎಂದ. ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಓಣಿಯ ಮಕ್ಕಳು ಕೇಕೆ ಹಾಕಿದರು. ಒಳಗಿನಿಂದ ಹೆಂಡತಿ ಬಂದು ಟ್ರಂಕಿನ ಕೀಲಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಪಂಪು ನಿರಪರಾಧಿ. ಹಾಗಾದರೆ ಅಪರಾಧ ನಡೆದದ್ದು ಟಾಂಕಿಗೂ ಕೈಪಂಪಿಗೂ ನಡುವಿನ ದಾರಿಯಲ್ಲಿ. ಮಿಸ್ತ್ರಿ ಗಾಡಿಯ ಕೆಳಗೆ ಮಲಗಿ ಕೊಳವೆಯ ಉದ್ದಕ್ಕೂ ಬೆರಳಾಡಿಸಿದ. ಎಲ್ಲೆಡೆ ಒಣ ಧೂಳು; ಒಂದು ಕ್ಲಿಪ್ಪಿನ ಅಂಚಿನಲ್ಲಿ ಮಾತ್ರ, ಬೆರಳಗಲದಷ್ಟು ಧೂಳು ಎಣ್ಣೆ ಕುಡಿದು ಕಪ್ಪಾಗಿತ್ತು. ಅಲ್ಲಿ ರಬ್ಬರ್ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತಿತ್ತು.

ಒಡೆದ ಕೊಳವೆಯಿಂದ ಎಣ್ಣೆ ಸುರಿದು ನೆಲ ಒದ್ದೆಯಾಗಬೇಕಲ್ಲವೆ ಎಂದು ಓದುಗರು ಕೇಳಬಹುದು. ಚಾಲಕನೂ ಅದನ್ನೇ ಕೇಳಿದ. ಆ ಭಾಗದಲ್ಲಿ ಎಣ್ಣೆಯನ್ನು ತಳ್ಳುವವರು ಯಾರೂ ಇಲ್ಲ, ಮುಂದಿನಿಂದ ಹೀರಲಾಗುತ್ತದೆ. ಎಳನೀರಿನ ಕೊಳವೆ ಸೀಳಿದ್ದರೆ ನೀರು ಹೊರಗೆ ಚೆಲ್ಲುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಇಷ್ಟು ದಿನ ಗಾಡಿ ಇಳಿಜಾರಿನ ಕಡೆ ಮುಖ ಮಾಡಿ ನಿಂತಾಗ ಟಾಂಕಿ ಮೇಲೆ, ಎಂಜಿನ್ ಕೆಳಗೆ; ಬಿರುಕಿದ್ದರೂ ಎಣ್ಣೆ ಹಿಂದಕ್ಕೆ ಹೋಗದು, ಎಲ್ಲೋ ಒಂದು ಹನಿ ಜಿನುಗಿದರೆ ಧೂಳು ಕುಡಿಯುತ್ತಿತ್ತು. ಉಸುಕಿನ ರಾಶಿ ಬಿದ್ದ ಮೇಲೆ ಗಾಡಿ ಗುಡ್ಡದ ಕಡೆ ತಿರುಗಿತು. ರಾತ್ರಿಯೆಲ್ಲ ಬಿರುಕಿನಿಂದ ಗಾಳಿ ಒಳನುಗ್ಗಿ, ಎಣ್ಣೆ ಟಾಂಕಿಗೆ ಮರಳಿತು. ಬೆಳಿಗ್ಗೆ ಪಂಪಿಗೆ ಸಿಕ್ಕಿದ್ದು ಗಾಳಿ. ಗಾಳಿ ಅದುಮಿದಷ್ಟೂ ಕುಗ್ಗುತ್ತದೆ. ಎಣ್ಣೆಯಂತೆ ಮುಂದಕ್ಕೆ ತಳ್ಳಿಸಿಕೊಳ್ಳದು. ಇದರಲ್ಲೊಂದು ವಿನೋದವಿದೆ: ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿನೊಳಕ್ಕೆ ಎಣ್ಣೆಯನ್ನು ಊದುತ್ತಿದ್ದದ್ದು ಅದುಮಿದ ಗಾಳಿಯಿಂದಲೇ. ಜರ್ಮನಿಯ ಬಾಷ್ ಕಂಪೆನಿ 1927ರಲ್ಲಿ ಪಂಪುಗಳನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ಗಾಳಿಯ ಆ ಚಾಕರಿ ತಪ್ಪಿತು.

ಆ ಕಂಪೆನಿಯ ಭಾರತದ ಶಾಖೆ 1951ರಲ್ಲಿ ಹುಟ್ಟಿ, ಮೈಕೋ ಎಂಬ ಹೆಸರಿನಿಂದ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು. 2008ರಲ್ಲಿ ಹೆಸರು ಬದಲಾದದ್ದನ್ನು ಮಿಸ್ತ್ರಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. “ಮೈಕೋ ಪಂಪು ಅಷ್ಟ್ ಲಗೂ ಸಾಯಂಗಿಲ್ಲ,” ಎನ್ನುತ್ತ ಹಳೆಯ ಕೊಳವೆಯನ್ನು ಕತ್ತರಿಸಿ, ಗೇಣುದ್ದದ ಹೊಸ ತುಂಡನ್ನು ಎರಡು ಕ್ಲಿಪ್ಪುಗಳಿಂದ ಬಿಗಿದ. ಕೊಳವೆಯ ಬೆಲೆ, ಬಸ್ಸಿನ ಚಾರ್ಜು, ಅರ್ಧ ದಿನದ ಕೂಲಿ ಇಷ್ಟನ್ನೇ ತೆಗೆದುಕೊಂಡ.

ಮೂವರೂ ಒಟ್ಟಿಗೆ ಹೊರಟರು. ಹತ್ತಿಗುಡೂರು ದಾಟಿ ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಊರಿನಲ್ಲಿ, ಮಿಸ್ತ್ರಿ ಇಳಿದುಕೊಂಡ. ಇಳಿಯುವಾಗ ಬಿರುಕುಬಿಟ್ಟ ರಬ್ಬರ್ ತುಂಡನ್ನು ಚಾಲಕನ ಕೈಗಿತ್ತು, “ಆ ಹುಡುಗಗ ಕೊಡು. ಬಯ್ಯಬ್ಯಾಡ,” ಎಂದ. ಭೀಮಾ ಸೇತುವೆಯನ್ನು ದಾಟಿ ಯಾದಗಿರಿ ತಲುಪಿದಾಗ ಶುಲ್ಕದ ಕಿಟಕಿ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು.

ರಾತ್ರಿ ಸುರಪುರಕ್ಕೆ ಮರಳಿದ ಚಾಲಕ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ತರುಣ ರಬ್ಬರ್ ತುಂಡನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದ, ಏನೂ ಕಾಣಲಿಲ್ಲ. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಬಾಯಿಗಿಟ್ಟು ಊದಿದ. ಕೆನ್ನೆಗೆ ತಣ್ಣಗೆ ಗಾಳಿ ತಗುಲಿತು. ಬಾಯಿಯ ಡೀಸೆಲನ್ನು ಉಗುಳಿ, ತುಂಡನ್ನು ಒರೆಸಿ, ಪಾನಾಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡ.