ಮಂಚದ ಕೆಳಗಿನ ದೀಪಾವಳಿ

ಈ ಲೇಖಕನ ಮನೆಯಲ್ಲಿ ದೀಪಾವಳಿ ಹತ್ತಿರ ಬಂತು ಎನ್ನುವುದಕ್ಕೆ ಮೊದಲ ಗುರುತೆಂದರೆ ಮಂಚದ ಕೆಳಗಿನ ಜಾಗ ಖಾಲಿಯಾಗುವುದು. ವರ್ಷವಿಡೀ ಅಲ್ಲಿ ಬೀಡುಬಿಟ್ಟ ಟ್ರಂಕು, ಒಂಟಿ ಚಪ್ಪಲಿ, ಹಳೆಯ ವಿಶೇಷಾಂಕಗಳ ಕಟ್ಟು ಎಲ್ಲವೂ ಅಟ್ಟ ಸೇರುತ್ತವೆ. ಕರಿ ಕಂಬಳಿ ಹಾಸಿ, ನೀರಿನ ಬಟ್ಟಲಿಟ್ಟು, ಕಿಟಕಿಗೆ ದಪ್ಪ ಪರದೆ ಎಳೆದರೆ ಕೆಂಚನ ಹಬ್ಬದ ಬಿಡಾರ ಸಿದ್ಧ. ಕೆಂಚ ಬೀದಿಯಿಂದ ಬಂದು ಮನೆಯ ಯಜಮಾನಿಕೆ ವಹಿಸಿಕೊಂಡ ಕಂದು ಬಣ್ಣದ ನಾಟಿ ನಾಯಿ. ಅಂಚೆಯವರು, ಗ್ಯಾಸ್ ಸಿಲಿಂಡರ್ ತರುವವರು, ಮೇಲ್ಮನೆಯ ಸ್ಕೂಟರು ಯಾವುದಕ್ಕೂ ಜಗ್ಗದ ಈ ವೀರ, ನೀರು ತುಂಬುವ ಹಬ್ಬದ ಸಂಜೆ ಮೊದಲ ಲಕ್ಷ್ಮೀ ಪಟಾಕಿ ಸಿಡಿದದ್ದೇ ತಡ, ಬಾಲವನ್ನು ಹೊಟ್ಟೆಗೆ ಅಂಟಿಸಿಕೊಂಡು ಬಿಡಾರ ಸೇರುತ್ತಾನೆ. ಚುರುಮುರಿ ಎಂಬ ಬೆಕ್ಕು ಅಷ್ಟು ಹೊತ್ತಿಗಾಗಲೇ ಬೀರುವಿನ ತುದಿ ಹತ್ತಿ ಕೂತಿರುತ್ತದೆ.

ಬಗ್ಗಿ ನೋಡಿದರೆ ಕೆಂಚನ ಭಯಕ್ಕೆ ಸಾಕ್ಷಿ ನೆಲದ ಮೇಲೇ ಇರುತ್ತದೆ. ಕೆಂಪು ಗಾರೆಯ ಮೇಲೆ ಬಾಗಿಲಿನಿಂದ ಮಂಚದವರೆಗೆ ಸಣ್ಣ ಸಣ್ಣ ಒದ್ದೆ ಹೆಜ್ಜೆಗಳು. ನಾಯಿ ಬೆವರುವುದು ಅಂಗಾಲಿನಲ್ಲಿ. ತೊಡೆಯ ಸ್ನಾಯು ತನ್ನಷ್ಟಕ್ಕೆ ಅದುರುತ್ತಿರುತ್ತದೆ, ಕಣ್ಣಿನ ಪಾಪೆ ಅಗಲವಾಗಿ ಇಡೀ ಕಣ್ಣು ಕಪ್ಪಗೆ ಕಾಣುತ್ತದೆ, ನಾಲಿಗೆಯಿಂದ ಜೊಲ್ಲು ಕಂಬಳಿಗೆ ತೊಟ್ಟಿಕ್ಕುತ್ತದೆ. ಪ್ರಾಣಕ್ಕಿಂತ ಪ್ರಿಯವಾದ ಬಿಸ್ಕತ್ತನ್ನು ಮೂತಿಯ ಮುಂದೆ ಹಿಡಿದರೂ ಮೂಸುವುದಿಲ್ಲ.

ಅದಕ್ಕೆ ಕಾರಣವೂ ಇದೆ. ಮನುಷ್ಯನ ಕಿವಿಗೆ ಎಟಕುವ ಶಬ್ದ ಸುಮಾರು 20,000 ಹರ್ಟ್ಸ್‌ಗೆ ಮುಗಿದುಹೋಗುತ್ತದೆ. ನಾಯಿಯ ಕಿವಿ ಸುಮಾರು 45,000ದವರೆಗೂ, ಬೆಕ್ಕಿನದು 60,000ವನ್ನೂ ದಾಟಿ ಕೇಳಿಸಿಕೊಳ್ಳುತ್ತದೆ. ರಾಕೆಟ್ಟಿನ ಸುಯ್ಯೆನ್ನುವ ಸಿಳ್ಳೆ ನಮಗೆ ಮುಗಿದ ಮೇಲೂ ಅವಕ್ಕೆ ಮುಗಿದಿರುವುದಿಲ್ಲ. ಗುಡುಗಾದರೆ ಮೋಡ ಕವಿದು, ಗಾಳಿ ಎದ್ದು, ಮಣ್ಣಿನ ವಾಸನೆ ಬಂದು ಒಂದಿಷ್ಟು ಮುನ್ಸೂಚನೆ ಕೊಡುತ್ತದೆ. ಪಟಾಕಿಗೆ ಆ ಸೌಜನ್ಯವಿಲ್ಲ. ಎಲ್ಲಿಂದ, ಯಾವಾಗ, ಎಷ್ಟು ಹೊತ್ತು ಎಂಬುದೊಂದೂ ತಿಳಿಯದ ಸದ್ದು ಅದು. ಸಾಲದ್ದಕ್ಕೆ ಮನೆಯ ಮಕ್ಕಳು ಅದನ್ನೇ ಕೇಳಿ ಕೇಕೆ ಹಾಕುತ್ತಿರುತ್ತಾರೆ.

ಸದ್ದಿಗೆ ಪ್ರಾಣಿಯನ್ನು ಒಗ್ಗಿಸಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದೇನಲ್ಲ. 1443ರಲ್ಲಿ ವಿಜಯನಗರದ ಮಹಾನವಮಿ ಕಂಡ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಸಿಂಗರಿಸಿದ ಆನೆಗಳ ಬಗ್ಗೆಯೂ ಬರೆದ, ಬಾಣಬಿರುಸುಗಳ ಬಗ್ಗೆಯೂ ಬರೆದ. ಅವೆರಡನ್ನೂ ಒಂದೇ ಹಬ್ಬದಲ್ಲಿ ಸಂಭಾಳಿಸುವ ಕಷ್ಟ ಮಾವುತರಿಗೆ ಅಂದೂ ಗೊತ್ತಿದ್ದಿರಲೇಬೇಕು. ಇಂದು ಮೈಸೂರಿನಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಜಂಬೂ ಸವಾರಿಯ ದಿನ ಏಳು ಫಿರಂಗಿಗಳಿಂದ 21 ಸುತ್ತು ಕುಶಾಲತೋಪು ಹಾರುತ್ತದೆ. ಆ ಹೊತ್ತಿಗೆ ಆನೆ ಬೆಚ್ಚಿದರೆ ಬೆನ್ನ ಮೇಲಿನ ಅಂಬಾರಿಯ ಗತಿಯೇನು? ಹಾಗಾಗಿ ದಸರೆಗೆ ಮೊದಲೇ ಅರಮನೆಯ ಆಸುಪಾಸಿನಲ್ಲಿ ಫಿರಂಗಿ ತಾಲೀಮು ನಡೆಯುತ್ತದೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು, ಅಶ್ವದಳದ ಕುದುರೆಗಳು ಸಾಲಾಗಿ ನಿಲ್ಲುತ್ತವೆ. ಹಳಬರು ಕಿವಿ ಬೀಸುತ್ತ ಸುಮ್ಮನಿರುತ್ತಾರೆ. ಹೊಸಬರ ಕಾಲಿಗೆ ಮಾತ್ರ ಸರಪಳಿ, ಪಕ್ಕದಲ್ಲಿ ಸೊಂಡಿಲು ಸವರುತ್ತ ಮಾವುತ. ಸುತ್ತು ಕಳೆದಂತೆ ಅವುಗಳ ಅಂಜಿಕೆಯೂ ಇಳಿಯುತ್ತದೆ.

ಪಶುವೈದ್ಯರು ಈಗ ಸಾಕುನಾಯಿಗೆ ಹೇಳಿಕೊಡುವುದೂ ಇದೇ ಪಾಠ. ಹಬ್ಬಕ್ಕೆ ಕೆಲವು ವಾರ ಮೊದಲೇ ಪಟಾಕಿ ಸದ್ದಿನ ಧ್ವನಿಮುದ್ರಣವನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಬೇಕು, ಅದೇ ಹೊತ್ತಿಗೆ ಬಾಯಿಗೆ ರುಚಿಯಾದದ್ದೇನಾದರೂ ಕೊಡಬೇಕು, ನಾಯಿ ಆರಾಮಾಗಿದ್ದರೆ ಮಾತ್ರ ಮರುದಿನ ಸದ್ದು ಒಂದು ಗೆರೆ ಏರಬೇಕು. ಈ ಲೇಖಕನ ಮನೆಯಲ್ಲಿ ಗಣಪತಿ ನೀರಿಗೆ ಬಿದ್ದ ಮೇಲೆ ಈ ತಾಲೀಮು ಶುರುವಾಗುತ್ತದೆ. ಮೊಬೈಲಿನಲ್ಲಿ ‘ಢಂ’ ಎಂದೊಡನೆ ಕೆಂಚ ಬೇಯಿಸಿದ ಮೊಟ್ಟೆಗಾಗಿ ಅಡುಗೆಮನೆಯತ್ತ ತಿರುಗುವಷ್ಟು ಪಳಗಿದ್ದಾನೆ. ಬೀದಿಯ ನಿಜವಾದ ಆಟಂಬಾಂಬಿನ ಎದುರು ಆ ವಿದ್ಯೆ ಅರ್ಧಕ್ಕರ್ಧ ಉಳಿಯುತ್ತದೆ. ಅಷ್ಟೂ ಲಾಭವೇ. ಹೆದರಿದ ನಾಯಿಯನ್ನು ಮುದ್ದು ಮಾಡಿದರೆ ಅದರ ಹೆದರಿಕೆ ಹೆಚ್ಚುತ್ತದೆ ಎಂದು ಹಿಂದೆಲ್ಲ ಹೇಳುತ್ತಿದ್ದರು. ಆ ಮಾತನ್ನು ವೈದ್ಯರು ಈಗ ಒಪ್ಪುವುದಿಲ್ಲ, ಬಳಿ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ ಎನ್ನುತ್ತಾರೆ. ಅವರು ಖಡಾಖಂಡಿತವಾಗಿ ಬೇಡವೆನ್ನುವುದು ಮನುಷ್ಯರ ನಿದ್ರೆ ಮಾತ್ರೆಯನ್ನು. ಕೆಲವು ಮದ್ದು ಮೈಯನ್ನಷ್ಟೇ ಮಲಗಿಸುತ್ತದೆ, ಭಯ ಒಳಗೆ ಎಚ್ಚರವಾಗಿಯೇ ಇರುತ್ತದೆ.

ಹಬ್ಬದಲ್ಲಿ ಪ್ರಾಣಿಗೆ ಪಾಲಿಲ್ಲದ ಸೀಮೆ ನಮ್ಮದಲ್ಲ. ಮಲೆನಾಡಿನ ಅಜ್ಜಿಮನೆಯಲ್ಲಿ ಬಲಿಪಾಡ್ಯಮಿಯ ದಿನ ದೇವರಿಗಿಂತ ಕೊಟ್ಟಿಗೆಗೇ ಹೆಚ್ಚು ಉಪಚಾರ. ನಸುಕಿನಲ್ಲೇ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಕೆಮ್ಮಣ್ಣಿನ ಅಚ್ಚು ಒತ್ತಿ, ಕೊರಳಿಗೆ ಚೆಂಡುಹೂ, ಅಡಿಕೆ, ಪಚ್ಚೆತೆನೆಗಳ ಹಾರ ಹಾಕಿದ ಮೇಲೆಯೇ ಮನುಷ್ಯರ ಊಟ. ಉತ್ತರ ಕರ್ನಾಟಕದ ಕಾರಹುಣ್ಣಿಮೆಯಲ್ಲಿ ಮೆರವಣಿಗೆ ಎತ್ತಿಗೆ. ಮಂಡ್ಯ, ಮೈಸೂರು ಸೀಮೆಯ ಸಂಕ್ರಾಂತಿ ಸಂಜೆ ಕಿಚ್ಚು ಹಾಯುವ ಗೌರವವೂ ದನಗಳದ್ದೇ. ಉಳುವ, ಹಾಲು ಕೊಡುವ ಜೀವಕ್ಕೆ ಪಂಚಾಂಗದಲ್ಲೇ ಜಾಗವಿತ್ತು. ನಾಯಿಗೆ ಮಾತ್ರ ಅಂಗಳದ ಮೂಲೆಯಲ್ಲಿ ಕೊನೆಯ ಕಡುಬು. ನೆರೆಯ ನೇಪಾಳದವರು ಈ ವಿಷಯದಲ್ಲಿ ನಮಗಿಂತ ಮುಂದು. ಅವರ ತಿಹಾರ್ ಹಬ್ಬದ ಎರಡನೆಯ ದಿನ ಕುಕುರ್ ತಿಹಾರ್. ಮನೆಯ ನಾಯಿಗೂ ಬೀದಿಯ ನಾಯಿಗೂ ಅಂದು ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಮಾಲೆ, ಮುಂದೆ ಭೂರಿಭೋಜನ. ನಾಯಿ ಯಮನ ದೂತನಂತೆ, ಅದನ್ನು ಒಲಿಸಿಕೊಂಡಿರಬೇಕಂತೆ.

ಹಾಗೆಂದು ಕನ್ನಡಿಗರು ನಾಯಿಯನ್ನು ಪೂಜಿಸಲೇ ಇಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಲ್ಲೊಂದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ 949ರ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗ ಅವನ ಜೊತೆಗಿದ್ದ. ಬೂತುಗನ ಬಳಗದ ಮಣಲೆರ ಎಂಬ ವೀರನ ಸಾಹಸಕ್ಕೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದಕ್ಕೆ ಎದುರಾಗಿ, ಎರಡೂ ಕಾದಾಡಿ ಸತ್ತವು. ಮಣಲೆರ ದೇವಸ್ಥಾನದ ಎದುರು ಕಲ್ಲು ನೆಡಿಸಿ, ಭೂಮಿ ಬಿಡಿಸಿದ. ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಇಂದಿಗೂ ಸೆಣಸುತ್ತಿವೆ. ಸಾವಿರ ವರ್ಷದ ಹಿಂದೆ ನಾಯಿಗೆ ನಿತ್ಯಪೂಜೆ ಏರ್ಪಾಟು ಮಾಡಿದ ನಾಡಿನಲ್ಲಿ ಕೆಂಚನಿಗೆ ಒಂದು ಕಂಬಳಿ ಹಾಸುವುದು ಅತಿಯಾಯಿತು ಎಂದು ಯಾರಾದರೂ ಅಂದರೆ ಈ ಲೇಖಕ ಆತಕೂರಿನ ಕಡೆ ಕೈ ತೋರಿಸುತ್ತಾನೆ.

ಹಾಗೆ ಅನ್ನುವವರು ಹಬ್ಬಕ್ಕೆ ಬಂದೇ ಬರುತ್ತಾರೆ. ಮಡಿಯುಟ್ಟ ದೊಡ್ಡತ್ತೆಗೂ ಚುರುಮುರಿಗೂ ವರ್ಷಕ್ಕೊಮ್ಮೆ ಜಟಾಪಟಿ. ಅತ್ತೆ ದೇವರ ಮನೆಯ ಹೊಸಿಲಲ್ಲಿ ರಂಗೋಲಿ ಎಳೆದರೆ ಬೆಕ್ಕು ಅದರ ಮೇಲೆಯೇ ಹೆಜ್ಜೆಯಿಟ್ಟು ಹೋಗಿ ನೈವೇದ್ಯದ ಹಾಲಿನ ತಂಬಿಗೆ ಕಾಯುತ್ತ ಕೂರುತ್ತದೆ. “ಶ್ರೀಕೃಷ್ಣನ ಹೆಜ್ಜೆ ಬರೆಯೋದು ಗೋಕುಲಾಷ್ಟಮಿಗೆ ಕಣೇ” ಎಂದು ಅತ್ತೆ ಗದರುತ್ತಾರೆ. ಊಟವಾದ ಮೇಲೆ ನೋಡಿದರೆ ಅವರದೇ ಮಡಿಲಲ್ಲಿ ಬೆಕ್ಕು ನಿದ್ದೆ ಹೋಗಿರುತ್ತದೆ. ಎಣ್ಣೆಸ್ನಾನದ ಬೆಳಗು ಕೆಂಚನಿಗೆ ಪರ್ವಕಾಲ. ಎಳ್ಳೆಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಸಾಲು ನಿಂತವರ ಕಾಲನ್ನೆಲ್ಲ ನೆಕ್ಕುತ್ತ ತಿರುಗುತ್ತಾನೆ. ಬೆಳಿಗ್ಗೆ ಹೊರಟು ರಾತ್ರಿ ಮುಖ ತೋರಿಸುವವರೆಲ್ಲ ಹಗಲಿಡೀ ಮನೆಯಲ್ಲೇ ಸಿಗುವ ದಿನಗಳಿವು. ಸದ್ದೊಂದನ್ನು ಬಿಟ್ಟರೆ ಅವನಿಗೆ ಇದಕ್ಕಿಂತ ಒಳ್ಳೆಯ ಹಬ್ಬವಿಲ್ಲ.

ಸದ್ದಿನಷ್ಟೇ ಕಾಯಬೇಕಾದದ್ದು ಬಾಯಿಯನ್ನು. ಮಕ್ಕಳು ಪ್ರೀತಿಯಿಂದ ಮೇಜಿನಡಿ ಜಾರಿಸುವ ಲಾಡಿನಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ ಹಸಿಯಾಗಲಿ ಒಣಗಲಿ, ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಆಫೀಸಿನಿಂದ ಬರುವ ಉಡುಗೊರೆ ಡಬ್ಬದ ಚಾಕೊಲೇಟಿನಲ್ಲಿ ಥಿಯೋಬ್ರೊಮಿನ್ ಇದೆ. ಮನುಷ್ಯ ಅದನ್ನು ಬೇಗ ಅರಗಿಸಿಕೊಳ್ಳುತ್ತಾನೆ, ನಾಯಿಗೆ ಅದು ಮೈಯಲ್ಲೇ ನಿಂತು ಎದೆಬಡಿತ ಏರಿಸುತ್ತದೆ. ಚಾಕೊಲೇಟು ಕಪ್ಪಾದಷ್ಟೂ ವಿಷ ಜಾಸ್ತಿ. ಸಕ್ಕರೆಯಿಲ್ಲದ್ದು ಎಂದು ಮಾರುವ ಕೆಲವು ತಿನಿಸುಗಳ ಕ್ಸೈಲಿಟಾಲ್ ಇನ್ನೂ ಅಪಾಯ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕು ಎರಡರ ರಕ್ತಕಣಗಳನ್ನೂ ಹಾಳುಮಾಡುತ್ತವೆ. ತುಪ್ಪ ಸುರಿದ ಹೋಳಿಗೆ ಮೇದೋಜೀರಕ ಗ್ರಂಥಿಯನ್ನು ಕೆಣಕಬಹುದು. ಬೆಕ್ಕಿಗೆ ಅಲಂಕಾರದ ಜರಿ ನೂಲೇ ಕಂಟಕ. ಆಡುತ್ತ ಆಡುತ್ತ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಈ ಲೇಖಕನ ಮನೆಯಲ್ಲಿ ಹಬ್ಬದೂಟಕ್ಕೆ ಎಲೆ ಹಾಕುವ ಮೊದಲೇ ಕೆಂಚನಿಗೆ ಉಪ್ಪಿಲ್ಲದ ಅನ್ನ, ಬೇಯಿಸಿದ ಕುಂಬಳಕಾಯಿ ಬಡಿಸುತ್ತಾರೆ. ಹೊಟ್ಟೆ ತುಂಬಿದವನು ಮೇಜಿನಡಿ ಅಷ್ಟಾಗಿ ಸುಳಿಯುವುದಿಲ್ಲ.

ರಜೆಗೆ ಊರಿಗೆ ಹೊರಟರೆ ಚಿಂತೆ ಇನ್ನೊಂದು ಬಗೆಯದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಗೆ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ಹೊರಡಲು ಯಾವ ಟಿಕೆಟ್ಟೂ ಬೇಕಿರಲಿಲ್ಲ. ಈಗ ರೈಲಿನಲ್ಲಾದರೆ ಎ.ಸಿ. ಮೊದಲ ದರ್ಜೆಯ ಇಡೀ ಕೂಪೆಯನ್ನೋ ಕ್ಯಾಬಿನ್ನನ್ನೋ ಕಾದಿರಿಸಬೇಕು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ನಾಯಿ ಒಂಟಿಯಾಗಿ ಬರಬೇಕು. ಕೆ.ಎಸ್.ಆರ್.ಟಿ.ಸಿ. 2022ರಲ್ಲಿ ನಿಯಮ ಬದಲಿಸಿ ನಾಯಿಗೆ ಅರ್ಧ ಟಿಕೆಟ್ ಮಾಡಿತು. ಅದೂ ಸಾಮಾನ್ಯ ಸಾರಿಗೆಗಳಲ್ಲಿ ಮಾತ್ರ, ಐಷಾರಾಮಿ ಬಸ್ಸಿನಲ್ಲಿ ನಾಯಿಗೆ ಪ್ರವೇಶವಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ–ಮೊಮ್ಮಗಳ ಟಿಕೆಟ್ ನಾಡಿನಾದ್ಯಂತ ಸುದ್ದಿಯಾಯಿತು. ಶಕ್ತಿ ಯೋಜನೆಯಲ್ಲಿ ಇಬ್ಬರದೂ ಉಚಿತ ಪ್ರಯಾಣ. ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ಮಾತ್ರ ತಲಾ 111ರಂತೆ 444 ರೂಪಾಯಿ. ಹಾರಬಲ್ಲವರು ದುಡ್ಡು ಕೊಟ್ಟು ಕೂತರು!

ಬಿಟ್ಟುಹೋಗೋಣವೆಂದರೆ ನಾಯಿ ತಂಗುವ ಮನೆಗಳು ದಸರೆಗೆ ಮೊದಲೇ ಭರ್ತಿ. ಲಸಿಕೆ ಚೀಟಿ ತೋರಿಸದಿದ್ದರೆ ಒಳ್ಳೆಯ ಕಡೆ ಸೇರಿಸಿಕೊಳ್ಳುವುದೇ ಇಲ್ಲ. ಅದು ಸರಿಯೂ ಹೌದು, ಹತ್ತಾರು ನಾಯಿ ಕೂಡಿದಲ್ಲಿ ಕೆಮ್ಮು ಸುಲಭವಾಗಿ ಹರಡುತ್ತದೆ. ಕೆಂಚ ಒಂದೇ ಒಂದು ರಾತ್ರಿ ಅಂಥ ಕಡೆ ತಂಗಿ ಅನ್ನ ಮುಟ್ಟದೆ ವಾಪಸಾದವನು. ಅಂದಿನಿಂದ ದೀಪಾವಳಿಗೆ ಊರಿಗೆ ಹೋಗುವ ಪದ್ಧತಿ ನಿಂತು, ಊರಿನವರೇ ಇಲ್ಲಿಗೆ ಬರುವುದು ರೂಢಿಯಾಗಿದೆ.

ಕಾನೂನು ನಾಯಿಯ ಪರವಾಗಿ ಮಾತಾಡದಿದ್ದರೂ ಅದರ ಕಿವಿಗೆ ಉಪಕಾರ ಮಾಡಿದೆ. ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿ ನಿಷಿದ್ಧ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಗಡಿಯಾರ ನೋಡಿ ಬತ್ತಿ ಹಚ್ಚುವವರು ಕಡಿಮೆ. ಮಿಕ್ಕ ಸರಕನ್ನೆಲ್ಲ ತುಳಸಿ ಪೂಜೆಗೆ ಖಾಲಿ ಮಾಡುವ ಪದ್ಧತಿಯೂ ಇರುವುದರಿಂದ ಮಂಚದ ಕೆಳಗಿನ ಕಂಬಳಿ ಉತ್ಥಾನ ದ್ವಾದಶಿಯವರೆಗೂ ಮಡಚುವಂತಿಲ್ಲ.

ನೆರೆಮನೆಯ ಹುಡುಗರು ಈಗ ಸರಪಟಾಕಿಗೆ ಮುಂಚೆ ಬಾಗಿಲು ತಟ್ಟಿ “ಅಂಕಲ್, ಹಚ್ತಾ ಇದೀವಿ” ಎಂದು ಹೇಳಿ ಹೋಗುತ್ತಾರೆ. ಅಷ್ಟು ಸಾಕು, ಕೆಂಚನ ಜೊತೆ ಒಬ್ಬರು ಹೋಗಿ ಕೂರುತ್ತಾರೆ. ಓದುಗರಲ್ಲೂ ಇಷ್ಟೇ ಕೇಳಿಕೊಳ್ಳಬೇಕಾದ್ದು. ನಿಮ್ಮ ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಹಬ್ಬಕ್ಕೆ ಮೊದಲೇ ಅದರ ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ, ಸಂಜೆಯ ಸುತ್ತಾಟವನ್ನು ಬೆಳಕಿರುವಾಗಲೇ ಮುಗಿಸಿ, ಬಾಗಿಲು ತೆರೆಯುವಾಗ ನೋಡಿಕೊಳ್ಳಿ. ಇಲ್ಲದಿದ್ದರೂ ದೀಪಾವಳಿಯ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುನ್ನ ಒಮ್ಮೆ ಬಗ್ಗಿ ಅಡಿಯಲ್ಲಿ ನೋಡಿ. ಹೆದರಿ ಓಡಿ ಬಂದ ಯಾರದೋ ನಾಯಿ ಅಲ್ಲಿದ್ದರೆ ಒಂದಿಷ್ಟು ನೀರು ಕೊಟ್ಟು, ಕೊರಳಪಟ್ಟಿಯ ಮೇಲಿನ ನಂಬರಿಗೆ ಫೋನ್ ಮಾಡಿ.